ಕಾಶವ್ವನ ಗೋಡೆಯ ಸುಣ್ಣ

ಹಾಲಿನ ಮಲಕಪ್ಪ ಆ ಬೆಳಿಗ್ಗೆ ನಮ್ಮ ಮನೆಗೆ ಸುತ್ತು ಹಾಕಿ ಬಾಗಿಲು ಹುಡುಕಿಕೊಂಡು ಬಂದ. ಕ್ಯಾನು ಕೆಳಗಿಟ್ಟು, "ಅಕ್ಕೋರ, ಮನಿ ಸರದೈತ್ರಿ," ಎಂದ. ಅದರಲ್ಲಿ ದೂರೂ ಇರಲಿಲ್ಲ, ಕನಿಕರವೂ ಇರಲಿಲ್ಲ. ಹಾಲಿಗೆ ನೀರು ಜಾಸ್ತಿಯಾಗಿದೆ ಎಂದು ನಾವು ಅವನಿಗೆ ಹೇಳುತ್ತೇವಲ್ಲ, ಅದೇ ದನಿ. ನಾನು ಪಾತ್ರೆ ಹಿಡಿದು ನಿಂತಿದ್ದೆ. ಅವನ ಬೆನ್ನ ಹಿಂದೆ ಬೀದಿ ಕಾಣಬೇಕಿತ್ತು. ಅರ್ಧ ಬೀದಿ, ಅರ್ಧ ಬೇವಿನ ಮರ ಕಂಡವು.

ಈ ಊರಿನ ಮನೆಗಳೆಲ್ಲ ದುಂಡಗಿವೆ. ಬೀಸುವ ಕಲ್ಲಿನ ಹಾಗೆ ಕೆಳಗೊಂದು ಕಲ್ಲು, ಅದರ ಮೇಲೊಂದು ಕಲ್ಲು, ಮೇಲಿನ ಕಲ್ಲಿನ ಮೇಲೆ ಗೋಡೆ. ಒಳಗಿದ್ದವರು ಒಂದೇ ಮಾತನ್ನು ಮನಸ್ಸಿನಲ್ಲಿ ತಿರುಗಿಸುತ್ತ ಕೂತರೆ ಮನೆ ತಿರುಗುತ್ತದೆ. ಬಹಳ ನಿಧಾನ. ಒಳಗೆ ಗೊತ್ತೇ ಆಗುವುದಿಲ್ಲ. ಒಲೆ, ಹಾಸಿಗೆ, ನೀರಿನ ಕೊಡ, ನಾವು, ಎಲ್ಲ ಕೂಡಿಯೇ ತಿರುಗಿರುತ್ತೇವೆ. ಕಿಟಕಿಯ ಬಿಸಿಲು ಎಂದಿನ ಮೂಲೆ ಬಿಟ್ಟು ಬೇರೆ ಮೂಲೆಗೆ ಬಿದ್ದಾಗ ತಿಳಿಯುತ್ತದೆ. ಅದಕ್ಕೂ ಬಿಸಿಲನ್ನು ನೋಡುವಷ್ಟು ಮನಸ್ಸಿರಬೇಕು.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಬಟ್ಟೆ ಒಣಗಿಸುವ ಹಗ್ಗವನ್ನು ಯಾರೂ ಮನೆಗೆ ಕಟ್ಟುವುದಿಲ್ಲ, ಮರದಿಂದ ಮರಕ್ಕೆ ಕಟ್ಟುತ್ತಾರೆ. ಕರೆಂಟಿನ ತಂತಿ ಮನೆಯ ನೆತ್ತಿಯಿಂದ ಇಳಿಯುತ್ತದೆ. ಪರೀಕ್ಷೆಯ ತಿಂಗಳಲ್ಲಿ ಮಕ್ಕಳಿರುವ ಮನೆಗಳು ಒಂದಿಷ್ಟು ಆಚೀಚೆ ಆಗಿ, ಫಲಿತಾಂಶ ಬಂದ ಮೇಲೆ ತಾವೇ ನಿಲ್ಲುತ್ತವೆ. ಹೆಣ್ಣು ಕೊಡುವವರು ಗಂಡಿನ ಮನೆಯ ಅಡಿಗಲ್ಲು ಸವೆದಿದೆಯೇ ಎಂದು ಚಪ್ಪಲಿ ಬಿಡುವ ನೆವದಲ್ಲಿ ಬಗ್ಗಿ ನೋಡುತ್ತಾರೆ. ಎಲ್ಲಿಂದಲೋ ಬಂದ ವಾಸ್ತು ಹೇಳುವವನೊಬ್ಬ ಇಲ್ಲಿ ಅಂಗಡಿ ತೆರೆದಿದ್ದ. ಈಗ ಸಂತೆಯಲ್ಲಿ ಬೆಳ್ಳುಳ್ಳಿ ಮಾರುತ್ತಾನೆ.

ನಾನೂ ಹೊರಗಿನಿಂದ ಬಂದವಳು. ಭೂಗೋಳದಲ್ಲಿ ಎಂ.ಎ. ಮುಗಿಸಿ, ಪ್ರಭುಲಿಂಗನನ್ನು ಮದುವೆಯಾಗಿ ಬಂದೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮೊದಲ ದಿನ, ನಿಮ್ಮ ಮನೆಯ ಬಾಗಿಲು ಯಾವ ದಿಕ್ಕಿಗಿದೆ ಎಂದು ಮಕ್ಕಳನ್ನು ಕೇಳಿದೆ. ಮುಂದಿನ ಸಾಲಿನ ಹುಡುಗಿ ಎದ್ದು ನಿಂತು, "ಇವತ್ತಿಂದೇನ್ರಿ, ನಿನ್ನೀದೇನ್ರಿ ಅಕ್ಕೋರ?" ಎಂದಳು. ಇಡೀ ತರಗತಿ ನಕ್ಕಿತು. ಸಂಜೆ ಪ್ರಭುವಿಗೆ ಹೇಳಿದರೆ ಅವನೂ ನಕ್ಕ. ಅವನು ವೈರಮನ್. ತಿರುಗಿದ ಮನೆಗಳ ನೆತ್ತಿ ಹತ್ತಿ, ಹೆಣೆದುಕೊಂಡ ತಂತಿ ಬಿಡಿಸುವುದು ಅವನ ಕೆಲಸ. "ಯಾರ ಮನಿ ಎಷ್ಟ ತಿರುಗೈತಿ ಎಲ್ಲಾ ನನಗ ಗೊತ್ತು. ಯಾಕ ತಿರುಗೈತಿ ಅಂತ ಮಾತ್ರ ನಾ ಯಾರ್ನೂ ಕೇಳಂಗಿಲ್ಲ," ಎನ್ನುತ್ತಿದ್ದ.

ಒಂದು ಬೆಳಿಗ್ಗೆ ಅವನು ಸಾಮಾನಿನ ಚೀಲ ಹೆಗಲಿಗೇರಿಸಿ ಬೈಕಿನವರೆಗೆ ಹೋಗಿ, ತಿರುಗಿ ಬಂದು ಬಾಗಿಲಲ್ಲಿ ನಿಂತ. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. "ಏನು?" ಎಂದೆ. "ಏನಿಲ್ಲ," ಎಂದ. ಇನ್ನೊಂದು ಗಳಿಗೆ ನಿಂತು, ಹೋದ. ಕೆರೆ ಏರಿಯ ತಿರುವಿನಲ್ಲಿ ಬೈಕು ಜಾರಿತು. ಇದಕ್ಕಿಂತ ಹೆಚ್ಚು ಹೇಳಲು ನನ್ನಲ್ಲಿ ಏನೂ ಇಲ್ಲ.

ಏನು ಹೇಳಲು ಬಂದಿದ್ದ? ಮೊದಮೊದಲು ಅದು ಬರಿಯ ಪ್ರಶ್ನೆಯಾಗಿತ್ತು. ಪ್ರಶ್ನೆ ಎಂದಮೇಲೆ ಉತ್ತರ ಇರುತ್ತದೆ ಎಂದು ಓದಿಕೊಂಡು ಬೆಳೆದವಳು ನಾನು. ಸರಿಯಾಗಿ ಕೂತು ಯೋಚಿಸಿದರೆ ಸಿಗುತ್ತದೆ ಅನ್ನಿಸಿತು. ಅವನ ಮುಖ, ಹೆಗಲ ಚೀಲ, ಬಾಗಿಲ ಕಂಬದ ಮೇಲಿದ್ದ ಕೈ. ಇನ್ನೇನು ಸಿಕ್ಕಿತು ಎನ್ನುವಷ್ಟು ಹತ್ತಿರ ಹೋಗಿ, ಹೊರಟ ಜಾಗಕ್ಕೇ ಬಂದು ನಿಲ್ಲುತ್ತಿದ್ದೆ. ಬರುಬರುತ್ತ ಪ್ರಶ್ನೆ ಬೇರೆಯಾಯಿತು. ಹೇಳದೆ ಏಕೆ ಹೋದ? ಹೇಳಿದರೆ ಇವಳು ಕೇಳುವವಳಲ್ಲ ಎಂದು. ನಾನು ಅಂಥವಳು, ಯಾರೂ ಏನನ್ನೂ ಹೇಳಿಕೊಳ್ಳಲಾರದಂಥವಳು. ಹಳೆಯ ನೆನಪುಗಳೆಲ್ಲ ಇದಕ್ಕೆ ಸಾಕ್ಷಿ ನುಡಿಯಲು ಬಂದವು. ಗೆಳತಿಯೊಬ್ಬಳು ಮದುವೆಗೆ ಕರೆಯಲು ಮರೆತದ್ದು, ಅಪ್ಪ ತನ್ನ ಕಾಯಿಲೆಯನ್ನು ನನ್ನೊಬ್ಬಳಿಂದ ಮುಚ್ಚಿಟ್ಟದ್ದು. ಒಂದೊಂದೂ ಬಂದು, ಹೌದು ಇವಳು ಅಂಥವಳೇ ಎಂದು ಹೇಳಿ ಹೋಯಿತು. ಕಾಳು ಹಾಕದೆ ಬೀಸಿದರೆ ಕಲ್ಲು ಕಲ್ಲನ್ನೇ ತಿನ್ನುತ್ತದೆ. ಆಗ ನನಗೆ ಅದು ಕಾಣಲಿಲ್ಲ. ನಾನು ಯೋಚನೆ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ.

ಅಳು ಬರುತ್ತಿರಲಿಲ್ಲ. ಚಹಾ ಮುಂದಿಟ್ಟುಕೊಂಡರೆ ಕೆನೆ ಕಟ್ಟಿದ ಮೇಲೆ ನೆನಪಾಗುತ್ತಿತ್ತು. ಯಾರಾದರೂ ಮಾತಾಡಿದರೆ ಮಾತಿನ ಬಾಲ ಮಾತ್ರ ಕೇಳುತ್ತಿತ್ತು. ತಲೆ ಬಾಚಿಕೊಳ್ಳಲು ಕೈ ಎತ್ತಬೇಕು ಎನ್ನುವುದು ದೊಡ್ಡ ಕೆಲಸವಾಗಿ ಕಾಣುತ್ತಿತ್ತು. ಶಾಲೆಗೆ ರಜೆ ಹಾಕಿದೆ.

ಮನೆಯಲ್ಲಿ ಅತ್ತೆ ಇದ್ದರು, ನೀಲವ್ವ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಬಸ್‌ಸ್ಟ್ಯಾಂಡಿನ ಖಾನಾವಳಿಗೆ ರೊಟ್ಟಿ ಬಡಿದುಕೊಟ್ಟು ಮಗನನ್ನು ಬೆಳೆಸಿದವರು. ಮೊಣಕಾಲು ಹಿಡಿದುಕೊಂಡಿತ್ತು, ಬಾಯಿ ಮಾತ್ರ ಚುರುಕು. ಮಗ ಹೋದ ಮೇಲೂ ರೊಟ್ಟಿ ನಿಲ್ಲಿಸಲಿಲ್ಲ. ಬೆಳಗಾದರೆ ಅಡುಗೆಮನೆಯಿಂದ ಪಟಪಟ ಸದ್ದು. ಬುಟ್ಟಿ ಹೊತ್ತು ಕುಂಟುತ್ತ ಹೋಗುವರು, ಖಾನಾವಳಿಯವನನ್ನು ನಗಿಸಿ ಬರುವರು. ಗಟ್ಟಿ ಜೀವ ಎಂದು ಓಣಿಯೆಲ್ಲ ಹೇಳುತ್ತಿತ್ತು. ನನಗೂ ಹಾಗೇ ಕಂಡಿತ್ತು.

ಒಂದು ವಿಷಯ ಮಾತ್ರ ನನ್ನನ್ನು ಕೊರೆಯುತ್ತಿತ್ತು. ಮೊದಲು ಅವರು ವಾರಕ್ಕೊಮ್ಮೆ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದರು, ಊಟಕ್ಕೆ ಕೂತಾಗ ರೊಟ್ಟಿಯನ್ನು ಕೈಗೇ ಕೊಡುತ್ತಿದ್ದರು. ಈಗ ತಟ್ಟೆಯನ್ನು ನೆಲದ ಮೇಲಿಟ್ಟು ಸೌಟಿನ ಹಿಡಿಯಿಂದ ನನ್ನ ಕಡೆಗೆ ಸರಿಸುತ್ತಿದ್ದರು. ನನ್ನ ಕೈ ಅವರ ಕಡೆ ಹೋದರೆ ಅವರ ಕೈ ಹಿಂದಕ್ಕೆ ಹೋಗುತ್ತಿತ್ತು. ಮಗನನ್ನು ತಿಂದವಳು, ಮುಟ್ಟಲು ಹೇಸಿಗೆ. ಅವರ ಬಾಯಲ್ಲಿ ಈ ಮಾತು ಒಮ್ಮೆಯೂ ಬಂದದ್ದಿಲ್ಲ. ಆದರೂ ನನಗೆ ಅವರ ದನಿಯಲ್ಲೇ ಕೇಳುತ್ತಿತ್ತು, ದಿನವೂ.

ಮನೆ ಸರಿದದ್ದು ಗೊತ್ತಾದ ಮೇಲೆ ಓಣಿಯವರು ಕೂರಲು ಬಂದರು. ಇಲ್ಲಿಯ ಪದ್ಧತಿ ಅದು. ಸುತ್ತುವ ಮನೆಗೆ ನೆರೆಯವರು ತಮ್ಮ ಕೆಲಸ ಹಿಡಿದುಕೊಂಡು ಬಂದು ಕೂರುತ್ತಾರೆ. ಸಮಾಧಾನ ಹೇಳುವುದಿಲ್ಲ, ಏನಾಯಿತು ಎಂದು ಕೇಳುವುದಿಲ್ಲ. ಪಕ್ಕದ ಮನೆಯ ಕಾಶವ್ವ ಮೊರದ ತುಂಬ ತೊಗರಿಬೇಳೆ ತಂದು, "ಕುಂದರಾಕ ಬಂದೇನಿ ತಂಗಿ," ಎಂದು ಪಡಸಾಲೆಯಲ್ಲಿ ಕಾಲು ಚಾಚಿದಳು. ಹಿಟ್ಟಿನ ಗಿರಣಿಯ ಭೀಮಣ್ಣ ಬಂದ. ಅವನ ಗಾತ್ರಕ್ಕೆ ಊರಿನಲ್ಲಿ ಬಹಳ ಬೇಡಿಕೆ. ಅವನು ಕೂತರೆ ಎಂಥ ಮನೆಯೂ ನಿಲ್ಲುತ್ತದೆ ಎಂಬ ನಂಬಿಕೆ.

"ಭೀಮಣ್ಣಾ, ಮತ್ತಿಷ್ಟ ಉಬ್ಬೀಯಲ್ಲೋ," ಎಂದಳು ಕಾಶವ್ವ.

"ನಾ ತಿನ್ನೂದು ನನ್ನ ಸಲುವಾಗಿ ಅಲ್ಲಬೇ, ಓಣಿ ಸಲುವಾಗಿ. ಈ ವಾರದಾಗ ಮೂರ ಮನಿ ಕುಂತೇನಿ," ಎಂದು ಅವನು ಗೋಡೆಗೆ ಒರಗಿ ಗೊರಕೆ ಹೊಡೆಯತೊಡಗಿದ.

ಎಲ್ಲರೂ ನನ್ನ ಸುತ್ತ ಕೂತಿದ್ದರು, ನನ್ನ ಕಡೆ ಮುಖ, ಅಡುಗೆಮನೆಯ ಕಡೆ ಬೆನ್ನು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ನೀಲವ್ವ ಆಗಾಗ ಅಲ್ಲಿಂದಲೇ, "ಭೀಮಣ್ಣನ ಮೂಗಿಗೊಂದು ಬಟ್ಟಿ ತುರುಕ್ರೇ," ಎಂದು ಕೂಗುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಆ ದಿನಗಳಲ್ಲಿ ಮನೆ ಸ್ವಲ್ಪ ನಿಧಾನವಾಯಿತು ಎಂದು ಹೇಳಿದರು. ನಿಲ್ಲಲಿಲ್ಲ.

ನಾನೇ ಅದನ್ನು ಕೆಡಿಸಿದೆ. ಬಂದವರಿಗೆಲ್ಲ ಮನೆಯಲ್ಲಿ ಕೆಲಸವಿದೆ, ನನ್ನಿಂದ ಅವರ ದಿನ ಹಾಳು ಎಂದು ಒಂದು ಮಧ್ಯಾಹ್ನ ಅನ್ನಿಸಿತು. ಮರುದಿನ ಅದೇ ಮತ್ತೆ ಅನ್ನಿಸಿತು. ಆಮೇಲೆ ಅದೂ ತಲೆಯೊಳಗಿನ ಸುತ್ತಿನಲ್ಲಿ ಸೇರಿಕೊಂಡಿತು. "ಅತ್ತೀ, ನಾ ಮಲಗೇನಿ ಅಂತ ಹೇಳಿ ಕಳಸ್ರಿ," ಎಂದೆ. ನೀಲವ್ವ ಏನೋ ಹೇಳಲು ಬಾಯಿ ತೆರೆದು ಮುಚ್ಚಿದರು. ಬಾಗಿಲಿಗೆ ಹೋಗಿ ಕಳಿಸಿದರು. ಕಾಶವ್ವ ಎರಡು ಸಲ ಬಂದಳು, ಮೂರನೆಯ ಸಲ ಗೋಡೆಯಾಚೆಯಿಂದಲೇ ಕೆಮ್ಮಿ ಸುಮ್ಮನಾದಳು.

ಬಾಗಿಲು ಬೇವಿನ ಮರವನ್ನು ದಾಟಿತು. ಬೀದಿ ಪೂರ್ತಿ ಮರೆಯಾಯಿತು. ನಮ್ಮ ಮನೆಗೂ ಕಾಶವ್ವನ ಮನೆಗೂ ನಡುವೆ ಇರುವುದು ಸಣ್ಣ ಸಂದು. ಬಾಗಿಲು ಈಗ ಅದರ ಕಡೆಗೆ ಹೊರಟಿತ್ತು. ಅವಳ ಗೋಡೆಗೆ ಎದುರಾಯಿತೆಂದರೆ ಮುಗಿಯಿತು, ಒಳಗಿದ್ದವರು ಒಳಗೇ. ಅಂಥದ್ದಕ್ಕೆ ಇಲ್ಲಿ ಕುರುಡು ಮನೆ ಎನ್ನುತ್ತಾರೆ. ಓಣಿಯ ಕೊನೆಯಲ್ಲಿ ಒಂದಿದೆ. ಒಳಗಿದ್ದವನನ್ನು ಮಾಡು ಒಡೆದು ತೆಗೆದರಂತೆ. ಬದುಕಿದ್ದ, ಆದರೆ ಬೆಳಕಿಗೆ ಕಣ್ಣು ತೆರೆಯಲಿಲ್ಲವಂತೆ. ಈಗ ಆ ಮನೆಯಲ್ಲಿ ಕೋಳಿಗಳಿವೆ. ಹೊಸದಾಗಿ ಬಂದಾಗ ನಾನು ಪ್ರಭುವನ್ನು ಕೇಳಿದ್ದೆ, ತಿರುಗುತ್ತಲೇ ಹೋದರೆ ಬಾಗಿಲು ಗೋಡೆ ದಾಟಿ ಆ ಕಡೆ ಬರುವುದಿಲ್ಲವೇ ಎಂದು. "ಬರಂಗಿಲ್ಲ. ಗ್ವಾಡಿಗೆ ಬಂದ್ರ ಅಲ್ಲೇ ನಿಂತುಬಿಡ್ತೈತಿ," ಎಂದಿದ್ದ.

ಅಡಿಗಲ್ಲು ನೋಡುವ ದ್ಯಾಮಣ್ಣ ಬಂದ. ಓಣಿಯ ಹಿರಿಯ, ಮನೆಗಳಿಗೆ ಬೆಣೆ ಹೊಡೆಯುವವನು. ನಮ್ಮ ಕಲ್ಲುಗಳ ಸಂದಿಗೆ ಒಂದು ಬೆಣೆ ಹಾಕಿದ, ಅದು ಪುಡಿಯಾಯಿತು. ಗಂಡಸರನ್ನು ಕೂಡಿಸಿ ಹೊರಗಿನಿಂದ ನೂಕಿಸಿದ. ಮೊಳದಷ್ಟು ಹಿಂದೆ ಬಂದ ಮನೆ ಮರುದಿನದ ಹೊತ್ತಿಗೆ ಮೊದಲಿನ ಜಾಗಕ್ಕೆ ಹೋಯಿತು. ಅವನು ಕಿಟಕಿಯ ಸರಳಿನಾಚೆ ನಿಂತು ನೀಲವ್ವನನ್ನು ಕರೆದ.

"ನೀಲವ್ವಕ್ಕಾ, ನೀ ನಾಕ ದಿನ ಕಾಶವ್ವನ ಮನ್ಯಾಗ ಇರ ಬಾ."

"ನನ್ನ ಸೊಸಿ?"

"ಆಕೀದ ಆಮ್ಯಾಲ ನೋಡೂಣು."

"ಆಮ್ಯಾಲ ನೋಡಾಕ ಆಕಿ ಏನ್ ಸಂತ್ಯಾಗಿನ ಎಮ್ಮಿ ಏನೋ? ನಾ ಬರಂಗಿಲ್ಲ. ಮುಚ್ಚಿದ್ರ ಇಬ್ಬರ ಮ್ಯಾಲೂ ಮುಚ್ಚಲಿ."

ನಾನು ಪಡಸಾಲೆಯಲ್ಲಿ ಕೂತು ಕೇಳಿಸಿಕೊಂಡೆ. ಇದನ್ನೂ ಪ್ರೀತಿ ಎಂದು ತಿಳಿಯಲು ನನ್ನಿಂದ ಆಗಲಿಲ್ಲ. ನನ್ನಿಂದ ಮಗ ಹೋದ, ಈಗ ಇವರು. ಅಷ್ಟೇ ತಲೆಗೆ ಹೋಯಿತು.

ಆ ದಿನದಿಂದ ನೀಲವ್ವ ಬೆಳಿಗ್ಗೆ ಎದ್ದು ಮೊದಲು ಮೊರ ತೆಗೆದುಕೊಂಡು ಬಾಗಿಲಿಗೆ ಹೋಗುತ್ತಿದ್ದರು. ಮೊರವನ್ನು ಅಡ್ಡ ಹಿಡಿದು, ನಮ್ಮ ಬಾಗಿಲ ಕಂಬಕ್ಕೂ ಕಾಶವ್ವನ ಗೋಡೆಗೂ ನಡುವೆ ತೂರಿಸಿ ನೋಡುತ್ತಿದ್ದರು. ಸಲೀಸಾಗಿ ಹೋದರೆ, "ಇನ್ನೂ ಜಾಗ ಐತಿ," ಎಂದು ಒಲೆ ಹಚ್ಚುವರು. ಆದರೆ ಅವರ ಮೊಣಕಾಲಿಗೆ ಆ ಸಂದಿಯಲ್ಲಿ ಒಂಟಿಯಾಗಿ ಅಡ್ಡ ನಡೆಯುವುದು ಆಗದೆ ಹೋಯಿತು. ಖಾನಾವಳಿಯ ರೊಟ್ಟಿಯನ್ನು ಕಾಶವ್ವನೇ ಸಂದಿಗೆ ಕೈ ಹಾಕಿ ಇಸಿದುಕೊಂಡು ಕೊಟ್ಟು ಬರತೊಡಗಿದಳು. ನೀಲವ್ವ ಮನೆಯಿಂದ ಹೊರಗೆ ಬಿದ್ದೇ ಬಹಳ ದಿನವಾಯಿತು.

ದ್ಯಾಮಣ್ಣ ಇನ್ನೊಮ್ಮೆ ಬಂದ. ಈ ಸಲ ನನ್ನ ಹತ್ತಿರ ಮಾತಾಡಿದ. ಕೆಟ್ಟವನಲ್ಲ. ಚಪ್ಪಲಿಯ ತುದಿ ನೋಡುತ್ತ, "ಅಕ್ಕೋರ, ತಪ್ಪ ತಿಳೀಬ್ಯಾಡ್ರಿ. ನೀವು ಸ್ವಲ್ಪ ದಿನ ತವರಿಗೆ ಹೋಗಿ ಬರ್ರಿ. ಮನಿ ತಣ್ಣಗಾಗ್ತೈತಿ. ಮುದುಕಿ ಉಳೀತೈತಿ," ಎಂದ.

"ಆಗಲಿ," ಎಂದೆ. ಒಂದು ಚೀಲಕ್ಕೆ ಎರಡು ಸೀರೆ ಹಾಕಿಕೊಂಡೆ. ತಿರುಗಿ ಬರುವ ಯೋಚನೆ ಇರಲಿಲ್ಲ. ನೀಲವ್ವ ಕಾಗದದಲ್ಲಿ ಸುತ್ತಿದ ರೊಟ್ಟಿಯನ್ನು ಚೀಲದ ಪಕ್ಕಕ್ಕೆ ಇಟ್ಟು ದೂರ ಸರಿದರು. ಸಂದಿಯಿಂದ ನಾನು ಅಡ್ಡಡ್ಡ ಹೊರಗೆ ಬಂದೆ. ದ್ಯಾಮಣ್ಣ ಸುಣ್ಣದ ಕಡ್ಡಿಯಿಂದ ಕೆಳಗಿನ ಕಲ್ಲಿಗೂ ಮೇಲಿನ ಕಲ್ಲಿಗೂ ಸೇರಿಸಿ ಒಂದು ಗೀಟು ಎಳೆದ. ನಾನು ಹೋದ ಮೇಲೆ ಮನೆ ನಿಂತಿತೆಂದು ಎಲ್ಲರಿಗೂ ತೋರಿಸಲು.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆ. ಬಸ್ಸು ಬಂತು. ಏಳಬೇಕು ಅನ್ನಿಸಿತು, ಏಳಲಿಲ್ಲ. ಅದು ಹೋಯಿತು. ಇನ್ನೊಂದು ಬಂತು. ಕಂಡಕ್ಟರ್ ನನ್ನ ಕಡೆ ನೋಡಿ, "ಬರ್ತೀರೇನ್ರಿ?" ಎಂದ. ಹೂಂ ಎಂದೆನೋ ಇಲ್ಲವೋ. ಅದೂ ಹೋಯಿತು. ಹೋಗಬಾರದೆಂದು ನಾನು ನಿರ್ಧಾರ ಮಾಡಿದ್ದಲ್ಲ. ಏಳುವುದಕ್ಕೆ ಬೇಕಾದದ್ದು ನನ್ನಲ್ಲಿ ಇರಲಿಲ್ಲ, ಅಷ್ಟೇ. ಖಾನಾವಳಿಯವನು ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟು, "ನೀಲವ್ವಾಯಿ ಹೆಂಗದಾರ್ರಿ? ಅವರ ಬೈಗುಳ ಕೇಳದ ಇಲ್ಲಿ ಗಿರಾಕಿಗೆ ಊಟ ರುಚಿ ಹತ್ತವಲ್ದು," ಎಂದ. ಸಂಜೆಯ ಬಸ್ಸೂ ಹೋದ ಮೇಲೆ ಚೀಲ ಎತ್ತಿಕೊಂಡು ಮನೆಯ ಕಡೆ ನಡೆದೆ. ಬೇರೆ ಕಡೆ ಹೋಗಲು ಗೊತ್ತಿರಲಿಲ್ಲ.

ಮನೆಯ ಅಡಿಗಲ್ಲಿನ ಹತ್ತಿರ ಜನ ಬಗ್ಗಿ ನಿಂತಿದ್ದರು. ನನ್ನನ್ನು ಕಂಡು ಸರಿದರು. ಸುಣ್ಣದ ಗೀಟು ಎರಡಾಗಿತ್ತು. ಮೇಲಿನ ಕಲ್ಲಿನ ಗೀಟು ಕೆಳಗಿನದನ್ನು ಬಿಟ್ಟು ಗೇಣಿಗಿಂತ ದೂರ ಹೋಗಿತ್ತು. ನಾನು ಮನೆಯೊಳಗಿದ್ದ ಯಾವ ದಿನವೂ ಅಷ್ಟು ಸರಿದಿರಲಿಲ್ಲ.

"ಅಕ್ಕೋರು ಮುಂಜಾನಿಂದ ಇಲ್ಲಿ ಇರಲಿಲ್ಲಲ್ಲ," ಎಂದ ಭೀಮಣ್ಣ.

"ಮತ್ತ ಮನ್ಯಾಗ ಯಾರಿದ್ರು?" ಎಂದ ದ್ಯಾಮಣ್ಣ.

"ಯಾರೂ ಇರಲಿಲ್ಲ," ಎಂದಳು ಕಾಶವ್ವ. ಎಂದವಳೇ ಬಾಯಿಗೆ ಸೆರಗು ಹಿಡಿದಳು.

ಒಳಗಿನಿಂದ ಪಟಪಟ ಸದ್ದು ಬರುತ್ತಿತ್ತು. ಬೆಳಿಗ್ಗೆ ಮಾತ್ರ ಬಡಿಯುವ ರೊಟ್ಟಿ ಆ ಸಂಜೆಯೂ. ಅಷ್ಟು ದಿನ ಕೂತವರೆಲ್ಲ ಆ ಸದ್ದಿಗೆ ಬೆನ್ನು ಹಾಕಿ ಕೂತಿದ್ದರು. ನಾನು ಅದೇ ಮನೆಯಲ್ಲಿ ಇದ್ದೆ.

"ಸರೀರಿ, ನಾ ಒಳಗ ಹೋಗ್ತೇನಿ," ಎಂದು ಭೀಮಣ್ಣ ಮುಂದೆ ಬಂದ. ಸಂದಿಯನ್ನು ನೋಡಿದ, ತನ್ನ ಹೊಟ್ಟೆಯನ್ನು ನೋಡಿಕೊಂಡ, ಹಿಂದೆ ಸರಿದ. ಬೇರೆ ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದರು.

"ನಾ ಕುಂದರ್ತೇನಿ," ಎಂದೆ. ಚೀಲವನ್ನು ಕಾಶವ್ವನ ಕೈಗೆ ಕೊಟ್ಟು ಸಂದಿಗೆ ನುಗ್ಗಿದೆ. ಬೆಳಿಗ್ಗೆಗಿಂತ ಇಕ್ಕಟ್ಟಾಗಿತ್ತು. ಉಸಿರು ಬಿಟ್ಟು ತೂರಿಕೊಂಡೆ.

ಅಡುಗೆಮನೆಯ ಬಾಗಿಲಲ್ಲಿ ನಿಂತೆ. ನೀಲವ್ವ ನನಗೆ ಬೆನ್ನು ಮಾಡಿ ಕೂತಿದ್ದರು. ಮುಂದೆ ರೊಟ್ಟಿ ಬಡಿಯುವ ಮರದ ಕೊಮ್ಮಣಿಗೆ, ಅದರ ಮೇಲೆ ಹಿಟ್ಟು. ಬಡಿಯುತ್ತ ಬಡಿಯುತ್ತ ರೊಟ್ಟಿಯನ್ನು ತಿರುಗಿಸುತ್ತಿದ್ದರು. ಅದು ಆಗಲೇ ತೆಳ್ಳಗಾಗಿ ಅಂಚು ಹರಿದಿತ್ತು. ಅವರು ನಿಲ್ಲಿಸಲಿಲ್ಲ. ಒಲೆ ಆರಿಹೋಗಿತ್ತು. ಪಕ್ಕದಲ್ಲಿ ಬೇಯಿಸದ ರೊಟ್ಟಿಗಳು ಒಂದರ ಮೇಲೊಂದು ಒಣಗುತ್ತಿದ್ದವು.

ನೆರಳು ಬಿದ್ದದ್ದಕ್ಕೆ ತಿರುಗಿ ನೋಡಿದರು. ಬೆಚ್ಚಿದರು. "ಹೋಗ್ಲಿಲ್ಲೇನ? ಏನ್ ಬೇಕಿತ್ತು?"

"ಏನಿಲ್ಲ," ಎಂದೆ.

ಬೇರೇನೂ ಇರಲಿಲ್ಲ. ಅವರನ್ನು ನೋಡಬೇಕು ಅನ್ನಿಸಿತ್ತು, ನೋಡುತ್ತ ನಿಂತಿದ್ದೆ. ಆ ಮಾತು ನನ್ನ ಬಾಯಿಂದ ಹೊರಗೆ ಬಿದ್ದ ಮೇಲೆ ಅದು ಯಾರ ಮಾತು ಎಂದು ತಿಳಿಯಿತು. ನನ್ನ ಕೈ ಬಾಗಿಲ ಕಂಬದ ಮೇಲಿತ್ತು.

"ಅಲ್ಲೇ ಯಾಕ ನಿಂತಿ, ಅವ ನಿಂತಂಗ?" ಎಂದರು ನೀಲವ್ವ.

"ಅವರು ಹಿಂಗ ನಿಂದರ್ತಿದ್ರೇನು?"

"ಸಾಲಿಗೆ ಹೋಗೂ ಮುಂದನೂ ನಿಂದರ್ತಿದ್ದ. ಪಾಟಿಚೀಲ ಹಾಕ್ಕೊಂಡು ಹೋದಾವ ತಿರುಗಿ ಬರಾಂವ. ಏನೋ ಅಂದ್ರ ಏನಿಲ್ಲ ಅನ್ನಾಂವ. ಒಂದೀಟ ನೋಡಿ ಹೋಗಾಂವ. ನನಗ ಕೆಲಸದಾಗ ಸಿಟ್ಟ ಬರ್ತಿತ್ತು."

ನಾನು ಒಳಗೆ ಹೋಗಿ ಅವರ ಎದುರು ಕೂತೆ. "ಕುಂದರಾಕ ಬಂದೇನ್ರಿ ಅತ್ತೀ," ಎಂದೆ. ಅವರು ನನ್ನನ್ನು ನೋಡಿದರು. ಮೂಲೆಗೆ ಸರಿದು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. ಒಲೆಯ ಕಡೆ ಮುಖ ಮಾಡಿ ಹೇಳಿದರು.

"ಗಂಡಗ ಈ ಕೈಲೆ ಉಣಿಸಿ ಕಳಿಸಿದೆ, ಬರಲಿಲ್ಲ. ಮಗಗ ಈ ಕೈಲೆ ಬುತ್ತಿ ಕಟ್ಟಿದೆ. ಈ ಕೈಯಾಗ ಏನೋ ಐತಿ. ಮುಂಜಾನಿಂದ ಸಂಜೀತನಾ ಇದ ಬರ್ತೈತಿ ನೋಡು ತಲ್ಯಾಗ. ರೊಟ್ಟಿ ಬಡದ್ರೂ ಬರ್ತೈತಿ, ನಕ್ಕರೂ ಬರ್ತೈತಿ. ನಿನ್ನ ತಲಿಗೆ ಎಣ್ಣಿ ಹಚ್ಚಬೇಕಂತೀನಿ, ಕೈ ಏಳವಲ್ದು. ಉಳದಾಕಿ ನೀ ಒಬ್ಬಾಕಿ."

ನಾನು ಸೌಟಿನ ಹಿಡಿಯನ್ನು ನೋಡಿದೆ. "ನಾ ಬ್ಯಾರೆ ತಿಳಕೊಂಡಿದ್ದೆ."

"ಏನಂತ?"

"ನಿಮಗ ನಾ ಬ್ಯಾಡಾಗೇನಿ ಅಂತ."

"ಹುಚ್ಚಿ," ಎಂದರು. ಎಂ.ಎ. ಓದಿದ ಹುಚ್ಚಿ, ಎಂದು ಇನ್ನೊಮ್ಮೆ ಅಂದರು.

ಹಾಗಲ್ಲ, ನಿಮ್ಮ ಕೈಯಲ್ಲಿ ಏನೂ ಇಲ್ಲ ಎಂದು ನಾನು ವಾದಿಸಬಹುದಿತ್ತು. ನಾನೂ ನನಗೆ ಎಷ್ಟೋ ಸಲ ಹಾಗಲ್ಲ ಎಂದು ಹೇಳಿಕೊಂಡಿದ್ದೆ. ಅದು ಚರ್ಮದ ಮೇಲೆ ಹರಿದು ಹೋಗುತ್ತದೆ, ಒಳಗೆ ಇಳಿಯುವುದಿಲ್ಲ. ಒಲೆ ಹಚ್ಚಿದೆ. ಹಿಟ್ಟಿನ ಡಬ್ಬಿ ಎಳೆದುಕೊಂಡು ಜರಡಿ ಹಿಡಿಯತೊಡಗಿದೆ. ಸ್ವಲ್ಪ ಹೊತ್ತಿನ ಮೇಲೆ, ಆ ಬೆಳಿಗ್ಗೆ ಪ್ರಭು ಏನು ತಿಂದ ಎಂದು ಕೇಳಿದೆ. ಎರಡು ರೊಟ್ಟಿ, ಶೇಂಗಾ ಚಟ್ನಿ, ಎಂದರು. ಮೊಸರು? ಮೊಸರು ಹುಳಿಯಾಗಿತ್ತು, ಬೇಡ ಅಂದ. ಮೂರನೆಯ ರೊಟ್ಟಿ ಅರ್ಧ ತಿಂದು ಉಳಿದರ್ಧ ಕಾಶವ್ವನ ನಾಯಿಗೆ ಹಾಕಿದ. ಆ ನಾಯಿಗೆ ಹೆಸರು ಪ್ರಭುವೇ ಇಟ್ಟದ್ದು, ತಹಸೀಲ್ದಾರ ಎಂದು. ಇಬ್ಬರಿಗೂ ಅದು ನೆನಪಾಯಿತು. ಮಾತು ಹಾಗೇ ಒಂದರಿಂದ ಇನ್ನೊಂದಕ್ಕೆ ಹೋಯಿತು. ಯಾಕೆ ಹಾಗಾಯಿತು ಎನ್ನುವಲ್ಲಿಗೆ ಹೋಗಲಿಲ್ಲ. ಏನು ತಿಂದ, ಯಾವ ಅಂಗಿ ಹಾಕಿದ್ದ, ನಾಯಿ ಎಲ್ಲಿ ಮಲಗಿತ್ತು, ಅಷ್ಟರಲ್ಲೇ ಕತ್ತಲಾಯಿತು.

ಅವನು ಬಾಗಿಲಿಗೆ ಬಂದದ್ದು ನನ್ನನ್ನು ನೋಡಲೆಂದೋ, ಬೇರೇನಾದರೂ ಇತ್ತೋ, ನನಗೆ ಈಗಲೂ ಗೊತ್ತಿಲ್ಲ. ಆ ಪ್ರಶ್ನೆ ಇನ್ನೂ ಬರುತ್ತದೆ. ಮುಂದೆ ಕಾಶವ್ವ ನಮ್ಮಿಬ್ಬರನ್ನೂ ದವಾಖಾನೆಗೆ ಎಳೆದುಕೊಂಡು ಹೋದಳು. ಡಾಕ್ಟರು ಕೊಟ್ಟ ಗುಳಿಗೆಗಳಿಂದ ನನಗೆ ನಿದ್ದೆ ಬರತೊಡಗಿತು. ಶಾಲೆಗೆ ಹೋಗತೊಡಗಿದೆ. ಈಗಲೂ ಕೆಲವು ತಿಂಗಳು ಮನೆ ಒಂದು ಬೆರಳು ಅತ್ತ ಹೋಗುತ್ತದೆ. ಆಗ ಓಣಿಯವರು ಬಂದು ಇಬ್ಬರು ಪಡಸಾಲೆಯಲ್ಲಿ, ಇಬ್ಬರು ಅಡುಗೆಮನೆಯಲ್ಲಿ ಕೂರುತ್ತಾರೆ. ಅದೆಲ್ಲ ಆಮೇಲಿನ ಮಾತು.

ಮರುದಿನ ಬೆಳಿಗ್ಗೆ ನೀಲವ್ವ ಮೊರ ಹಿಡಿದು ಬಾಗಿಲಿಗೆ ಹೋದರು. ನಾನೂ ಹಿಂದೆ ಹೋದೆ. ಮೊರವನ್ನು ಅಡ್ಡ ಹಿಡಿದು ಸಂದಿಗೆ ತೂರಿಸಿದರು. ಒಂದು ಅಂಚು ನಮ್ಮ ಕಂಬಕ್ಕೆ, ಇನ್ನೊಂದು ಕಾಶವ್ವನ ಗೋಡೆಗೆ ಉಜ್ಜಿತು. ಕರ್ ಎಂದಿತು. ಹೋಯಿತು.

"ನಿನ್ನೆ ಸಂಜಿಗೆ ಎಷ್ಟಿತ್ತು?" ಎಂದು ಕೇಳಿದರು.

"ಇಷ್ಟ ಇತ್ತು."

ಮೊರವನ್ನು ಹಿಂದೆ ಎಳೆದುಕೊಂಡು ಇನ್ನೊಮ್ಮೆ ತೂರಿಸಿದರು. ಮತ್ತೆ ಕರ್ ಎಂದು ಹೋಯಿತು. "ಸರಿ, ಬುಟ್ಟಿ ತಾ. ನಾನ ಖಾನಾವಳಿಗೆ ಹೋಗಿ ಬರ್ತೇನಿ. ಆ ಕಾಶಿ ಕೈಯಾಗ ಕೊಟ್ಟ ರೊಟ್ಟಿ ಎಣಿಸಿದ್ರ ದಿನಾ ಒಂದ ಕಡಿಮಿ ಬರ್ತೈತಂತ."

"ಕೇಳಸ್ತೈತಿ ನನಗ!" ಎಂದಳು ಕಾಶವ್ವ ಗೋಡೆಯಾಚೆಯಿಂದ. "ತಹಸೀಲ್ದಾರ ತಿಂದಾನ, ಅವನ್ನ ಕೇಳು."

ಬುಟ್ಟಿಯನ್ನು ಮೊದಲು ದಾಟಿಸಿದೆ. ಆಮೇಲೆ ನಾನು ಅಡ್ಡವಾಗಿ, ಬೆನ್ನನ್ನು ಕಾಶವ್ವನ ಗೋಡೆಗೆ ಒತ್ತಿ ಸರಿದು ಸಂದಿಯ ನಡುವೆ ನಿಂತೆ. ನೀಲವ್ವ ಹೊಸ್ತಿಲಲ್ಲಿದ್ದರು. ಒಂದು ಕಾಲು ಮುಂದಿಟ್ಟು ಹಿಂದೆ ತೆಗೆದರು.

"ಕೈ ಕೊಡ್ರಿ ಅತ್ತೀ."

ಅವರು ಕೈಯನ್ನು ಸೀರೆಗೆ ಒರೆಸಿಕೊಂಡರು. ನೋಡಿಕೊಂಡರು. ಮತ್ತೆ ಒರೆಸಿಕೊಂಡರು. ನಾನು ಚಾಚಿದ ಕೈಯನ್ನು ಹಾಗೇ ಹಿಡಿದು ನಿಂತಿದ್ದೆ.

ಆಮೇಲೆ ಕೊಟ್ಟರು. ಒಲೆಯ ಬಿಸಿ ಇನ್ನೂ ಇತ್ತು ಆ ಅಂಗೈಯಲ್ಲಿ, ಬೆರಳ ಸಂದಿಯಲ್ಲಿ ಹಿಟ್ಟು. "ಗಟ್ಟಿ ಹಿಡಿ," ಎಂದರು. ಹಿಡಿದೆ. ಇಬ್ಬರೂ ಅಡ್ಡಡ್ಡ ಹೆಜ್ಜೆ ಹಾಕುತ್ತ, ಗೋಡೆಗೆ ಬೆನ್ನು ಉಜ್ಜುತ್ತ, ಬೇವಿನ ಮರದ ಹತ್ತಿರ ಬೀದಿಗೆ ಬಂದೆವು.

ಬಿಸಿಲು ಕಣ್ಣಿಗೆ ಹೊಡೆಯಿತು. ಕಾಶವ್ವ ತನ್ನ ಬಾಗಿಲಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. "ಚೊಲೋ ಆತು. ನನ್ನ ಗ್ವಾಡಿ ಸುಣ್ಣಾ ಎಲ್ಲಾ ಇಬ್ಬರೂ ಬೆನ್ನಿಗೆ ಬಳಕೊಂಡು ಬಂದ್ರಿ. ಇನ್ನ ದೀಪಾವಳಿಗೆ ನೀವ ಬಳೀರಿ."

ನೀಲವ್ವ ನನ್ನ ಹಿಂದೆ ಬಂದು ನೋಡಿದರು. "ಅಯ್ಯ, ಸೀರಿ ಎಲ್ಲಾ ಬೆಳ್ಳಗಾತು," ಎಂದರು. ನಾನು ತಿರುಗಿ ನೋಡಲಿಲ್ಲ. ಆಮೇಲೆ ನನ್ನ ಬೆನ್ನ ಮೇಲೆ ಅವರ ಅಂಗೈ ಬಿತ್ತು, ರೊಟ್ಟಿ ಬಡಿಯುವ ಹಾಗೆಯೇ, ಪಟಪಟ ಎಂದು.